ನೆರೆ ತಂಡದ ರಿಂಗಿಗೆ ನಾನು ಹೆಣೆದ ಬಲೆ

ಗೇರುಮರದ ತೊಗಟೆ ಹಂಡೆಯಲ್ಲಿ ಕುದಿಯುವ ವಾಸನೆ ಬಂದರೆ ನನಗೆ ಈಗ ಮೀನು ನೆನಪಾಗುವುದಿಲ್ಲ, ಬಾಸ್ಕೆಟ್ ಬಾಲ್ ನೆನಪಾಗುತ್ತದೆ. ಇಡೀ ಆಯುಷ್ಯ ನೇತ್ರಾವತಿಯಲ್ಲಿ ಬಲೆ ಬೀಸಿದವನು ಹೀಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಕಳೆದ ವಾರ ಮತ್ತೆ ತೊಗಟೆ ಬೇಯಿಸಿದೆ. ಮೂಡುಬಿದಿರೆಯ ತಂಡಕ್ಕೆ ಎರಡು ಬಲೆ ಬೇಕಂತೆ. ಮೂಡುಬಿದಿರೆಯವರಿಗೆ, ಬಂಟ್ವಾಳದ ನನ್ನ ಕೈಯಿಂದ! ಹೇಳಿ ಕಳುಹಿಸಿದವಳು ಆ ತಂಡದ ಕ್ಯಾಪ್ಟನ್. ಕ್ಯಾಪ್ಟನ್ ಯಾರೆಂದರೆ ನನ್ನ ಮೊಮ್ಮಗಳು ನವ್ಯ. ಈ ಒಂದು ವಾಕ್ಯ ಬರೆಯುವುದಕ್ಕಾಗಿಯೇ ನಾನು ಪೆನ್ನು ಹಿಡಿದು ಕೂತದ್ದು ಎಂದರೂ ಸರಿಯೇ. ನಾಲ್ಕನೆಯ ಕ್ಲಾಸಿನ ನಂತರ ಇಷ್ಟುದ್ದ ನಾನು ಬರೆದದ್ದಿಲ್ಲ. “ಬಸ್ಸು ಹತ್ತಿದವರಿಗೆಲ್ಲ ಹೇಳಿ ಮುಗಿಯಿತು, ಇನ್ನು ಕಾಗದಕ್ಕೂ ಹೇಳಿ” ಎಂದು ನನ್ನ ಹೆಂಡತಿ ಗಿರಿಜ ಬೈಯುತ್ತಾಳೆ. ಅವಳು ಮೀನಿನ ಮಾರ್ಕೆಟ್ಟಿಗೆ ಹೋಗಿ ಏನು ಹೇಳಿ ಬರುತ್ತಾಳೆಂದು ನನಗೂ ಗೊತ್ತುಂಟು.

ಆದರೆ ತೊಗಟೆಯ ವಾಸನೆ ತಂದು ನಿಲ್ಲಿಸಿದ್ದು ಈ ಸಂತೋಷವನ್ನಲ್ಲ, ನಾಲ್ಕು ವರ್ಷ ಹಿಂದಿನ ಒಂದು ಸುಗ್ಗಿಯನ್ನು. ಆ ವರ್ಷ ನಾನು ಯಾರನ್ನೂ ನಂಬಲಿಲ್ಲ. ನನ್ನನ್ನೂ ಯಾರೂ ನಂಬಲಿಲ್ಲ.

ನಮ್ಮ ಬಂಟ್ವಾಳದ ತಂಡಕ್ಕೆ ‘ನೆರೆ’ ಎಂದು ಹೆಸರು. ಹೆಸರು ಬಂದ ದಿನ ನಾನು ಅಲ್ಲೇ ಇದ್ದೆ. ಹೊಳೆ ಏರಿ ಪೇಟೆಗೆ ನುಗ್ಗಿದ್ದ ಒಂದು ಮಳೆಗಾಲ, ಹಳೇ ಅಕ್ಕಿ ಮಿಲ್ಲಿನ ಹಿಂದಿದ್ದ ಆಟದ ಅಂಗಳವೂ ಮುಳುಗಿ, ಕಂಬದ ಮೇಲಿನ ರಿಂಗು ಮಾತ್ರ ಕೆಂಪು ನೀರಿನ ಮೇಲೆ ಬಳೆಯ ಹಾಗೆ ಕಾಣುತ್ತಿತ್ತು. ನಾನು ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದೆ. ದೋಣಿಯಲ್ಲಿದ್ದ ಆಟಗಾರ್ತಿಯೊಬ್ಬಳು ತೇಲಿ ಬಂದ ಬಾಲನ್ನು ಎತ್ತಿ, ಕೂತಲ್ಲಿಂದಲೇ ರಿಂಗಿನೊಳಗೆ ಇಟ್ಟಳು. ಮನೆ ಮುಳುಗಿದವರೂ ಚಪ್ಪಾಳೆ ಹೊಡೆದರು. ಮುಂದೆ ಸಂಬಳ ಕೊಟ್ಟು ಆಡಿಸುವ ಲೀಗ್ ಬಂದು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆ ಒಂದೊಂದು ಹೆಣ್ಣುಮಕ್ಕಳ ತಂಡವಾದಾಗ, ನಮ್ಮ ತಂಡ ಕಟ್ಟಿದ ಹೋಟೆಲಿನ ಶೆಟ್ಟರು ಅದೇ ಹೆಸರಿಟ್ಟರು. ನೆರೆನೀರಿನದೇ ಕೆಂಪು ಕಂದು ಬಣ್ಣದ ಅಂಗಿ ಹೊಲಿಸಿದರು.

ಬೆಳ್ತಂಗಡಿಯವರು ‘ಘಾಟಿ’. ಗುಡ್ಡ ಹತ್ತಿ ಶಾಲೆಗೆ ಹೋದ ಮಕ್ಕಳು, ದಣಿವೇ ಇಲ್ಲ, ಆದರೆ ಜಗಳಕ್ಕೆ ಬರುವವರಲ್ಲ. ಮೂಡುಬಿದಿರೆಯವರು ‘ಕಂಬ’. ಬಸದಿಯ ಕಂಬಗಳ ನೆನಪಿಗೆ ಇಟ್ಟ ಹೆಸರಂತೆ. ಇಟ್ಟ ಮೇಲೆ ಹೆಸರಿಗೆ ತಕ್ಕ ಹಾಗೆ ಉದ್ದುದ್ದ ಹುಡುಗಿಯರನ್ನೇ ಹುಡುಕಿ ತಂದರು. ಜಗಳ ಇದ್ದದ್ದು ಕಂಬಕ್ಕೂ ನೆರೆಗೂ. ಮೊದಲ ವರ್ಷವೇ ನಮ್ಮ ಎತ್ತರದ ಆಟಗಾರ್ತಿಯನ್ನು ಅವರು ಹೆಚ್ಚು ಸಂಬಳ ಹೇಳಿ ಕರೆದುಕೊಂಡು ಹೋದರು. ಅಲ್ಲಿಂದ ಸುರುವಾಯಿತು ಸಂಶಯ. ಅವರು ನಮ್ಮಲ್ಲಿಗೆ ಬರುವಾಗ ಕುಡಿಯುವ ನೀರು ಮೂಡುಬಿದಿರೆಯಿಂದಲೇ ತರುತ್ತಿದ್ದರು. ನಾವು ಅಲ್ಲಿಗೆ ಹೋಗುವಾಗ ದಾರಿಯ ಸಿದ್ದಕಟ್ಟೆಯಲ್ಲೇ ತಿಂದು ಹೊಟ್ಟೆ ಗಟ್ಟಿ ಮಾಡಿಕೊಳ್ಳುತ್ತಿದ್ದೆವು. ಅವರ ಕೋಚ್ ಜಯಂತಿ ಮೇಡಂ ನಮ್ಮ ಅಂಗಳಕ್ಕೆ ಬಂದ ಕೂಡಲೇ ಕೈಚೀಲದಿಂದ ಟೇಪು ತೆಗೆದು ರಿಂಗಿನ ಎತ್ತರ ಅಳೆಯುತ್ತಿದ್ದರು. ಶೆಟ್ಟರು ಅದನ್ನು ನೋಡಿ ಹಲ್ಲು ಕಡಿಯುತ್ತಿದ್ದರು. ಮೂಡುಬಿದಿರೆಗೆ ಹೋದಾಗ ಅವರೂ ಟೇಪು ಒಯ್ಯುತ್ತಿದ್ದರು.

ನನ್ನ ಮನೆ ಇರುವುದು ಮಿಲ್ಲಿನ ಹಿಂದೆ, ಆಟದ ಅಂಗಳದ ಗೋಡೆಗೆ ತಾಗಿ. ನನ್ನ ಮಗಳನ್ನು ಬೆಳ್ತಂಗಡಿ ಹತ್ತಿರದ ಲಾಯಿಲಕ್ಕೆ ಕೊಟ್ಟದ್ದು. ಅವಳ ಮಗಳು ನವ್ಯ ಚಿಕ್ಕಂದಿನಿಂದ ನಮ್ಮಲ್ಲೇ ಬೆಳೆದಳು. ಗೋಡೆ ಹಾರಿ ಆಡಲು ಕಲಿತಳು. ಕುಳ್ಳಿ, ಆದರೆ ಮೀನಿನ ಹಾಗೆ ನುಸುಳುತ್ತಾಳೆ. ಬಂಟ್ವಾಳ ತಂಡಕ್ಕೇ ಇವಳು ಎಂದು ನಾವು ಸಿಹಿ ಹಂಚುವುದಷ್ಟೇ ಬಾಕಿ ಇತ್ತು. ಆ ವರ್ಷ ಆಟಗಾರರನ್ನು ಆರಿಸುವ ದಿನ ಶೆಟ್ಟರು, “ಹುಡುಗಿ ಚುರುಕು ಉಂಟು ದೂಮಣ್ಣ, ಆದ್ರೆ ಇನ್ನು ನಾಲ್ಕು ಬೆರಳು ಬೆಳೀಬೇಕಿತ್ತು” ಎಂದರು. ಹತ್ತು ನಿಮಿಷದಲ್ಲಿ ಜಯಂತಿ ಮೇಡಂ ಅವಳನ್ನು ಮೂಡುಬಿದಿರೆಗೆ ಆರಿಸಿಬಿಟ್ಟರು. ಒಂದೇ ವರ್ಷದ ಒಪ್ಪಂದ. ಚೆನ್ನಾಗಿ ಆಡಿದರೆ ಮುಂದೆ, ಇಲ್ಲದಿದ್ದರೆ ಮನೆಗೆ.

ನನಗೆ ನಿದ್ದೆ ಬರಲಿಲ್ಲ. ಉದ್ದದವರೇ ತುಂಬಿದ ತಂಡಕ್ಕೆ ಈ ಕುಳ್ಳಿ ಯಾಕೆ? ಇವಳನ್ನು ಬೆಂಚಿನಲ್ಲಿ ಕೂರಿಸಿ ಬಂಟ್ವಾಳದ ಕೈಗೆ ಸಿಗದ ಹಾಗೆ ಮಾಡಲಿಕ್ಕಿರಬೇಕು ಎಂದು ನನ್ನ ಲೆಕ್ಕ. ಲೆಕ್ಕ ಸರಿಯೂ ಕಂಡಿತು. ಮೊದಲ ಮೂರು ಆಟದಲ್ಲಿ ಅವಳು ಬೆಂಚು ಬಿಟ್ಟು ಏಳಲಿಲ್ಲ. ಫೋನಿನಲ್ಲಿ ಕೇಳಿದರೆ, “ಅಜ್ಜ, ಊಟ ಆಯ್ತಾ ಕೇಳಿ, ಹೇಳ್ತೇನೆ. ಆಟದ ವಿಷಯ ಕೇಳ್ಬೇಡಿ. ಇಲ್ಲಿ ನನ್ನನ್ನು ಬಂಟ್ವಾಳದವಳು ಅಂತ ನೋಡ್ತಾರೆ” ಎಂದಳು.

“ಯಾರು ನೋಡುವುದು? ಮೇಡಮ್ಮಾ?”

“ನೋಡಿ, ಪುನಃ ಕೇಳಿದ್ರಿ.”

ಆಮೇಲೆ ತಾನಾಗಿ ಹೇಳಿದ್ದು ಒಂದೇ ಮಾತು. “ಈ ವರ್ಷ ಆಗದಿದ್ರೆ ಬಾಲ್ ಮುಟ್ಟುವುದಿಲ್ಲ ಅಜ್ಜ. ಗೇರುಬೀಜ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಉಂಟಂತೆ, ಸೇರ್ತೇನೆ.” ಹೊಳೆ ಬತ್ತಿತೆಂದು ಯಾರಾದರೂ ಹೇಳಿದ ಹಾಗಾಯಿತು ನನಗೆ.

ಸೀಸನ್ನಿನ ನಡುವೆ ಕಂಬದ ಒಬ್ಬಳಿಗೆ ಕಾಲು ಉಳುಕಿ ನವ್ಯಳಿಗೆ ಜಾಗ ಸಿಕ್ಕಿತು. ಬೆಳ್ತಂಗಡಿಯ ಮೇಲೆ ಎಷ್ಟು ಚೆಂದ ಆಡಿದಳೆಂದರೆ, ಅವಳ ಅಪ್ಪನ ಊರಿನವರೇ ಎದ್ದು ನಿಂತು ಬೈದರಂತೆ. ಸುಗ್ಗಿ ತಿಂಗಳ ಸುಡುಬಿಸಿಲಲ್ಲಿ ಫೈನಲ್ ಬಂತು. ನೆರೆಗೂ ಕಂಬಕ್ಕೂ, ನಮ್ಮ ಅಂಗಳದಲ್ಲಿ. ನವ್ಯಳ ಮುಂದಿನ ವರ್ಷವನ್ನು ಫೈನಲ್ ನೋಡಿಯೇ ನಿರ್ಧರಿಸುವುದೆಂದು ಮೇಡಂ ಹೇಳಿದ್ದರು.

ವಾರದ ಮೊದಲು ಶೆಟ್ಟರು ಮನೆಗೆ ಬಂದರು.

“ದೂಮಣ್ಣ, ರಿಂಗಿನಲ್ಲಿ ಆ ಪ್ಲಾಸ್ಟಿಕ್ ಬಲೆ ಮಂಗನ ಬಾಲದ ಹಾಗೆ ನೇತಾಡ್ತದೆ. ಹತ್ತಿ ದಾರದಲ್ಲಿ ಎರಡು ಚಂದದ್ದು ಹೆಣೆದು ಕೊಡ್ತೀರಾ? ನಮ್ಮ ಅಂಗಿಯ ಬಣ್ಣವೇ ಬರ್ಬೇಕು.”

“ಬಣ್ಣಕ್ಕೇನು, ಗೇರು ತೊಗಟೆ ಉಂಟಲ್ಲ” ಎಂದೆ. ಆದರೆ ಒಳಗೆ ಹುಳ ಕೊರೆಯಿತು. ಮೊಮ್ಮಗಳು ಬೇಡವಾದವರಿಗೆ ಅಜ್ಜನ ಬಲೆ ಹೇಗೆ ಬೇಕಾಯಿತು? ನಾಳೆ ಸೋತರೆ ನನ್ನ ತಲೆಗೆ ಕಟ್ಟಲಿಕ್ಕಿರಬಹುದಾ? ಗಿರಿಜಳಲ್ಲಿ ಹೇಳಿದೆ. “ನಿಮ್ಮ ಸಂಶಯಕ್ಕೆ ಗಂಜಿ ಹಾಕುವವರು ಯಾರೂ ಇಲ್ಲ, ಸುಮ್ಮನೆ ಹೆಣೆಯಿರಿ” ಎಂದಳು.

ಹೆಣೆದೆ. ಬಾಲ್ ತರಿಸಿ, ಬಲೆಯನ್ನು ಕೈಯಲ್ಲಿ ಎತ್ತಿ ಹಿಡಿದು ಇಳಿಸಿ ನೋಡಿದೆ. ಚೆನ್ನಾಗಿ ಇಳಿಯಿತು. ಇನ್ನು ಬೇಯಿಸುವುದು. ನಮ್ಮಲ್ಲಿ ಹೊಸ ಹತ್ತಿ ಬಲೆಯನ್ನು ತೊಗಟೆಯ ನೀರಲ್ಲಿ ಬೇಯಿಸದೆ ಹೊಳೆಗೆ ಇಳಿಸುವ ಕ್ರಮವೇ ಇಲ್ಲ. ಬೇಯಿಸಿದರೆ ದಾರ ಗಟ್ಟಿ, ಬಣ್ಣವೂ ಬರುತ್ತದೆ. ಹಂಡೆಯಲ್ಲಿ ನೀರು ಉಳಿಯಿತೆಂದು ನನ್ನ ಹಳೆಯ ಬೀಸುಬಲೆಯನ್ನೂ ಅದ್ದಿದೆ. ಮೂರನ್ನೂ ಹಿತ್ತಿಲ ಹಗ್ಗಕ್ಕೆ ಹಾಕಿದೆ. ಫೈನಲಿನ ಬೆಳಿಗ್ಗೆ ಅಂಗಳ ನೋಡಿಕೊಳ್ಳುವ ಹಮೀದ್ ಬಂದು, “ಸಾಕು ಮಾರಾಯ್ರೆ ಒಣಗಿಸಿದ್ದು, ಮದುವೆ ಸೀರೆಯಾ ಇದು?” ಎಂದು ಎರಡು ಬಲೆ ಎತ್ತಿಕೊಂಡು ಹೋದ. ಹಳೇ ಪ್ಲಾಸ್ಟಿಕ್ಕನ್ನು ಕತ್ತಿಯಲ್ಲಿ ಕೊಯ್ದು ಬಿಸಾಡಿ, ನನ್ನದನ್ನು ಕಟ್ಟಿದ. ಕೆಳಗಿನಿಂದ ನೋಡಿದರೆ ನೆರೆನೀರೇ ನೇತಾಡಿದ ಹಾಗೆ! ಜಯಂತಿ ಮೇಡಂ ಬಂದು ಟೇಪು ತೆಗೆದು ರಿಂಗು ಅಳೆದರು. ಬಲೆಯನ್ನು ಅಳೆಯಬೇಕೆಂದು ಅವರಿಗೂ ಹೊಳೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಆಟ ಸುರುವಾಯಿತು. ನಾನು ನಮ್ಮವರ ನಡುವೆ ಮೆಟ್ಟಿಲಲ್ಲಿ ಕೂತಿದ್ದೆ. ಒಂದು ಕಣ್ಣು ನೆರೆಯ ಮೇಲೆ, ಇನ್ನೊಂದು ನವ್ಯಳ ಮೇಲೆ. ಮೂಡುಬಿದಿರೆಯ ಉದ್ದದ ಹುಡುಗಿ ಮೊದಲ ಬಾಲ್ ಹಾಕಿದಳು. ಬಾಲ್ ರಿಂಗಿನೊಳಗೆ ಹೋಯಿತು, ಬಲೆಯಲ್ಲಿ ನಿಂತಿತು. ಹೊರಗೆ ಬರಲೇ ಇಲ್ಲ. ಹಮೀದ್ ಓಡಿ ಹೋಗಿ ಮಾಡಿನ ಜೇಡರ ಬಲೆ ಗುಡಿಸುವ ಉದ್ದ ಕೋಲಿನಿಂದ ಕೆಳಗಿಂದ ತಿವಿದ. ಜನ ನಕ್ಕರು. ಎರಡನೆಯ ಸಲವೂ ಸಿಕ್ಕಿತು, ಮತ್ತೆ ಮೆಲ್ಲನೆ ಜಾರಿ ಬಿತ್ತು. ಐದನೆಯ ಸಲಕ್ಕೆ ಯಾರೂ ನಗಲಿಲ್ಲ.

ಯಾಕೆಂದರೆ ನೆರೆಯ ಆಟವೇ ಓಟ. ಎದುರಿನವರು ಬಾಲ್ ಹಾಕಿ ಕೈ ಇಳಿಸುವುದರೊಳಗೆ ನಮ್ಮವರು ಬಲೆಯ ಕೆಳಗಿಂದ ಅದನ್ನು ಹಿಡಿದು ಆ ತುದಿಗೆ ಮುಟ್ಟಿ ಆಗುತ್ತದೆ. ಕಂಬದವರಿಗೆ ಹಿಂದೆ ಓಡಿ ಬರಲಿಕ್ಕೆ ಸಮಯ ಬೇಕು. ನನ್ನ ಬಲೆ ಪ್ರತಿಸಲವೂ ಅವರಿಗೆ ಆ ಸಮಯ ಕೊಡುತ್ತಿತ್ತು. ಅರ್ಧ ಆಟಕ್ಕೆ ನಾವು ಹಿಂದೆ.

ಹಿಂದಿನ ಮೆಟ್ಟಿಲಿಂದ ಯಾರೋ ಕೂಗಿದರು. “ಅಜ್ಜ ಬಲೆ ಹಾಕಿದ್ದು ಮೀನಿಗಲ್ಲ, ನಮಗೆ!”

“ಮೊಮ್ಮಗಳು ಆ ಕಡೆ, ಬಲೆ ಈ ಕಡೆ. ಎಂಥ ತಲೆ ಮಾರಾಯ!”

ಶೆಟ್ಟರು ನನ್ನ ಎದುರು ಬಂದು ನಿಂತರು. ಮುಖ ಕೆಂಪು. “ನಾನು ಆವತ್ತು ಅವಳನ್ನು ತೆಗೆದುಕೊಳ್ಳಲಿಲ್ಲ. ಅದಕ್ಕೆ ಹೀಗೆ ತೀರಿಸಿದ್ದಾ ದೂಮಣ್ಣ?”

ನಾನು ಬಾಯಿ ತೆರೆಯುವ ಮೊದಲು ಆಚೆಯಿಂದ ಜಯಂತಿ ಮೇಡಂನ ಸ್ವರ ಕೇಳಿತು. ಮುಂದೆ ಇದ್ದರೂ ಅವರಿಗೆ ಸಂಶಯವೇ. “ಬಂಟ್ವಾಳದವರು ಏನು ಮಾಡಿದ್ದಾರೆ ಅಂತ ಗೊತ್ತಾಗುವವರೆಗೆ ನೀನು ಕೂತ್ಕೋ ನವ್ಯ. ಬಲೆ ನಿನ್ನ ಅಜ್ಜಂದಂತೆ ಅಲ್ವಾ? ನಿಂಗೆ ಗೊತ್ತಿತ್ತಾ?” ನವ್ಯ ತಲೆ ಅಲ್ಲಾಡಿಸಿ ಬೆಂಚಿಗೆ ಹೋಗಿ ಕೂತಳು. ಅವಳ ಫೈನಲ್ ಅಲ್ಲಿಗೆ ಮುಗಿದ ಹಾಗೆ. ನನ್ನ ಬಲೆಯಲ್ಲಿ ಸಿಕ್ಕಿದ್ದು ನನ್ನದೇ ಮಗು.

ನನಗೆ ಹಮೀದನ ಮೇಲೆ ಸಂಶಯ ಬಂತು. ಕಟ್ಟಿದ್ದು ಅವನಲ್ಲವಾ? “ನೀನು ಬಲೆಯ ಬಾಯಿಗೆ ಗಂಟು ಹಾಕಿದ್ಯಾ?” ಎಂದು ಕೈ ಹಿಡಿದು ಕೇಳಿದೆ. “ದೇವರಾಣೆ ಇಲ್ಲ ದೂಮಣ್ಣ, ನೀವು ಕೊಟ್ಟದ್ದನ್ನು ಕಟ್ಟಿದ್ದೇನೆ” ಎಂದ. ಹಾಗಾದರೆ ಶೆಟ್ಟರೇ ರಾತ್ರಿ ಹಗ್ಗದ ಮೇಲಿನ ಬಲೆ ಬದಲಿಸಿರಬೇಕು, ನನ್ನ ಹೆಸರು ಕೆಡಿಸಲಿಕ್ಕೆ. ನಾನು ಹೆಣೆದದ್ದು ಹಿತ್ತಿಲಲ್ಲೇ ಎಲ್ಲಾದರೂ ಬಿದ್ದುಂಟಾ ನೋಡುವ ಎಂದು ಗೋಡೆಯ ಗೇಟು ದಾಟಿ ಮನೆಗೆ ಓಡಿದೆ.

ಹಿತ್ತಿಲಲ್ಲಿ ಇದ್ದದ್ದು ನನ್ನ ಹಳೆಯ ಬೀಸುಬಲೆ ಮಾತ್ರ. ಅದೇ ದಾರ, ಅದೇ ಹಂಡೆ, ಅದೇ ತೊಗಟೆಯ ನೀರು. ಅದು ಮಾತ್ರ ಚೂರೂ ಕುಗ್ಗದೆ ನೇತಾಡುತ್ತಿತ್ತು. ಯಾಕೆ? ಅದರ ಅಂಚಿನುದ್ದಕ್ಕೂ ಸೀಸದ ಮಣಿಗಳು. ಬಲೆ ಮುಳುಗಲೆಂದು ಪೋಣಿಸುವ ಮಣಿಗಳು, ಒಣಗುವಾಗಲೂ ದಾರವನ್ನು ಕೆಳಗೆ ಎಳೆದು ಹಿಡಿಯುತ್ತವೆ. ನನ್ನ ಅಪ್ಪನೂ ಹೀಗೇ ಒಣಗಿಸಿದ್ದು, ನಾನೂ ಹೀಗೇ ಒಣಗಿಸಿದ್ದು. ಬೇಯಿಸಿದ ಹತ್ತಿ ಕುಗ್ಗುತ್ತದೆಂದು ತಿಳಿಯುವ ಸಂದರ್ಭವನ್ನೇ ಆ ಮಣಿಗಳು ನನಗೆ ಕೊಟ್ಟಿರಲಿಲ್ಲ. ರಿಂಗಿನ ಬಲೆಗೆ ಎಲ್ಲಿಯ ಮಣಿ? ಅದು ತನ್ನಷ್ಟಕ್ಕೆ ಮುದುಡಿ ಬಾಲ್ ಹಿಡಿಯುವ ಚೀಲವಾಗಿತ್ತು.

ಕಳ್ಳ ಸಿಕ್ಕಿದ್ದ, ಅವನು ನಾನೇ.

ಬೀಸುಬಲೆಯನ್ನು ಹೆಗಲಿಗೆ ಹಾಕಿ ಅಂಗಳದ ಬದಿಯಲ್ಲಿ ಸ್ಕೋರು ಬರೆಯುವ ಮೇಜಿಗೆ ಹೋದೆ. ರೆಫ್ರಿ, ಶೆಟ್ಟರು, ಮೇಡಂ ಮೂವರೂ ಜಗಳದಲ್ಲಿದ್ದರು. ಬಲೆಯನ್ನು ಮೇಜಿನ ಮೇಲೆ ಹಾಕಿದೆ. “ತಪ್ಪು ನನ್ನದು. ಬೇಯಿಸಿದೆ, ಮಣಿ ಇಲ್ಲದೆ ಒಣಗಿಸಿದೆ, ಪುನಃ ಬಾಲ್ ಇಳಿಸಿ ನೋಡಲಿಲ್ಲ. ಮಗುವಿಗೆ ಏನೂ ಗೊತ್ತಿಲ್ಲ.”

“ಬೇಯಿಸಿದ್ದಾ?” ಮೇಡಂ ಕಣ್ಣರಳಿಸಿದರು. “ಬಲೆಯನ್ನಾ?”

“ಬೇಯಿಸದೆ ಹೊಳೆಗೆ ಇಳಿಸ್ಲಿಕ್ಕಿಲ್ಲ ಮೇಡಂ.”

“ಇಲ್ಲಿ ಎಲ್ಲಿ ಹೊಳೆ ಮಾರಾಯ್ರೆ?” ಎಂದರು ಶೆಟ್ಟರು.

ಮೇಡಂ ಬೀಸುಬಲೆಯ ಮಣಿಗಳನ್ನು ಕೈಯಲ್ಲಿ ತೂಗಿ ನೋಡಿದರು. ಮತ್ತೆ ನನ್ನ ಮುಖ ನೋಡಿದರು. “ಇದು ಸುಳ್ಳಲ್ಲ ಶೆಟ್ರೇ. ಇಂಥದ್ದನ್ನು ಕೂತು ಕಟ್ಟಿ ಹೇಳ್ಲಿಕ್ಕೆ ಯಾರಿಗೂ ಆಗುವುದಿಲ್ಲ” ಎಂದವರೇ ತಿರುಗಿ, “ನವ್ಯ, ಏಳು” ಎಂದರು.

ಬಲೆ ಎರಡನ್ನೂ ಕೊಯ್ದು ತೆಗೆದರು. ಬೇರೆ ಇರಲಿಲ್ಲ. ಬೋಳು ರಿಂಗಿನಲ್ಲೇ ಆಡುವುದೆಂದು ಎರಡೂ ಕಡೆಯವರು ಒಪ್ಪಿದರು. ಒಂದನ್ನು ಯಾರೂ ಯೋಚಿಸಿರಲಿಲ್ಲ. ಬಲೆ ಇದ್ದರೆ ಬಾಲ್ ಒಳಗೆ ಹೋದದ್ದು ಕುರುಡನಿಗೂ ತಿಳಿಯುತ್ತದೆ. ಬಲೆ ಇಲ್ಲದಿದ್ದರೆ ಒಳಗಿಂದ ಬಂತೋ ಹೊರಗಿಂದ ಜಾರಿತೋ ಹೇಳುವವರು ಯಾರು? ಅದೂ ನೀರನ್ನೂ ನಂಬದ ಎರಡು ಊರಿನವರ ನಡುವೆ! ಪ್ರತಿ ಬಾಲಿಗೂ “ಹೋಯ್ತು”, “ಹೋಗಲಿಲ್ಲ” ಎಂದು ಬೊಬ್ಬೆ. ನೆರೆ ಮತ್ತೆ ಏರಿತು. ನವ್ಯ ಆಡಿದ್ದನ್ನು ನಾನು ಬರೆಯಲಾರೆ, ಬರೆದರೆ ಅಜ್ಜನ ಬಾಯಿ ಎನ್ನುತ್ತೀರಿ. ಅವಳು ಬಾಲ್ ಹಿಡಿದಾಗ ನಮ್ಮೂರಿನವರೇ ಉಸಿರು ಬಿಗಿಹಿಡಿಯುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಕೊನೆಯ ಕ್ಷಣ. ಕಂಬ ಒಂದು ಪಾಯಿಂಟು ಹಿಂದೆ. ಬಾಲ್ ನವ್ಯಳ ಕೈಯಲ್ಲಿ. ಬಲಗಡೆ ಮೂಲೆಯಿಂದ, ಇಬ್ಬರ ಕೈಗಳ ನಡುವಿನಿಂದ ಎಸೆದಳು. ಎಸೆದ ರಭಸಕ್ಕೆ ಅವಳು ಬಿದ್ದಳು, ಗಂಟೆ ಹೊಡೆಯಿತು. ರೆಫ್ರಿಯ ಎದುರು ಉದ್ದದ ಹುಡುಗಿಯರು ಅಡ್ಡ ಇದ್ದರು. ಅವನು ಹೋಯಿತೆಂದು ಕೈ ಎತ್ತಿದ.

ಹೋಗಿರಲಿಲ್ಲ. ನಾನು ನೋಡಿದ್ದೆ. ಬಾಲ್ ರಿಂಗಿನ ಹೊರ ಅಂಚನ್ನು ಸವರಿ ಇಳಿದಿತ್ತು. ನೀರಿನ ಮೇಲೆ ಬಲೆ ಎಲ್ಲಿ ಬಿತ್ತೆಂದು ಇಷ್ಟು ವರ್ಷ ನೋಡಿದ ಕಣ್ಣು, ತಪ್ಪುವುದಿಲ್ಲ. ಬಂಟ್ವಾಳದವರು ಬೊಬ್ಬೆ ಹೊಡೆದರು, ಆದರೆ ಅವರೂ ಸರಿಯಾಗಿ ಕಂಡವರಲ್ಲ. ಅಭ್ಯಾಸಕ್ಕೆ ಹೊಡೆದದ್ದು. ನವ್ಯ ನೆಲದಿಂದ ಎದ್ದು ಸುತ್ತ ನೋಡಿದಳು. ಮತ್ತೆ ಮೆಟ್ಟಿಲ ಕಡೆ, ನನ್ನ ಕಡೆ ನೋಡಿದಳು. ಮುಕ್ಕಾಲು ಗಂಟೆ ಹಿಂದೆ ಎಲ್ಲರೆದುರು ತಪ್ಪು ಒಪ್ಪಿಕೊಂಡ ಮನುಷ್ಯ ನಾನು. ಈಗ ಚಪ್ಪಲಿಯ ಬಾರು ನೋಡುತ್ತಾ ಕೂತೆ. ಸುಮ್ಮನಿರು ಮಗಾ, ಸುಮ್ಮನಿರು ಎಂದು ಒಳಗೊಳಗೆ ಬೇಡಿಕೊಂಡೆ.

ಅವಳು ನೇರ ರೆಫ್ರಿಯ ಹತ್ತಿರ ಹೋದಳು. “ಸರ್, ಹೋಗ್ಲಿಲ್ಲ. ಹೊರಗಿಂದ ಬಿತ್ತು.”

ರೆಫ್ರಿ ಎತ್ತಿದ ಕೈಯನ್ನು ಇಳಿಸಿದ. ನೆರೆ ಗೆದ್ದಿತು. ಶೆಟ್ಟರನ್ನು ಹೊತ್ತು ಕುಣಿದರು. ಕುಣಿಯುವವರ ಭುಜದ ಮೇಲಿಂದ ಶೆಟ್ಟರು ತಿರುಗಿ ತಿರುಗಿ ಆ ಹುಡುಗಿಯನ್ನೇ ನೋಡುತ್ತಿದ್ದರು.

ಮೂಡುಬಿದಿರೆಯವರ ಬಸ್ಸಿನ ಬಾಗಿಲಲ್ಲಿ ನವ್ಯ ಸಿಕ್ಕಿದಳು. ಒಳಗಿನವರೆಲ್ಲ ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತಿದ್ದರು. “ಅಜ್ಜ, ನಿಮಗೆ ಅಲ್ಲಿಂದ ಕಂಡಿತಾ?” ಎಂದು ಕೇಳಿದಳು.

“ಬೆಳಕು ಕಣ್ಣಿಗೆ ಹೊಡೀತಿತ್ತು ಮಗಾ. ಕಾಣ್ಲಿಲ್ಲ.”

ಮೂರು ವಾರ ಫೋನು ಬರಲಿಲ್ಲ. ಮೇಡಂ ಇವಳನ್ನು ಕಳುಹಿಸಿಯೇ ಬಿಡುತ್ತಾರೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಗೇರುಬೀಜ ಫ್ಯಾಕ್ಟರಿಯ ಮುಂದೆ ಬಸ್ಸು ಹೋಗುವಾಗ ಮುಖ ತಿರುಗಿಸುತ್ತಿದ್ದೆ. ಕೊನೆಗೆ ಬಂದದ್ದು ಮೇಡಂನದೇ ಫೋನು. “ಅಜ್ಜ, ನಿಮ್ಮ ಮೊಮ್ಮಗಳನ್ನು ಇಟ್ಟುಕೊಂಡಿದ್ದೇನೆ. ಮೊದಲು ಎರಡು ದಿನ ನನಗೂ ಕೋಪ ಇತ್ತು, ಸುಳ್ಳು ಹೇಳುವುದಿಲ್ಲ. ಮತ್ತೆ ನೋಡಿದೆ, ಎತ್ತರದವರು ಎಲ್ಲಿಯೂ ಸಿಗ್ತಾರೆ.” ಮುಂದಿನ ವರ್ಷದಿಂದ ಒಂದು ವಿಚಿತ್ರ ಆಯಿತು. ಯಾವ ಊರಿನ ಅಂಗಳದಲ್ಲೇ ಆಗಲಿ, ಜಗಳ ಬಂದರೆ ರೆಫ್ರಿ ಮೊದಲು ಇವಳ ಮುಖ ನೋಡುತ್ತಾನೆ. ಶೆಟ್ಟರು ಎರಡು ಸಲ ಇವಳನ್ನು ಬಂಟ್ವಾಳಕ್ಕೆ ಕರೆದರು. ಇವಳು ಹೋಗಲಿಲ್ಲ. “ಈಗ ನಾಲ್ಕು ಬೆರಳು ಬೆಳೆದಳಾ ಶೆಟ್ರೇ?” ಎಂದು ಕೇಳದೆ ಬಿಡಲಿಕ್ಕೆ ನನ್ನಿಂದಾಗಲಿಲ್ಲ.

ಈಗ ಕ್ಯಾಪ್ಟನ್! ಕಳೆದ ವಾರ ಬಲೆ ಒಯ್ಯಲಿಕ್ಕೆ ಅವಳೇ ಬಂದಳು. ಈ ಸಲ ಬೇಯಿಸಿ, ಅಂಚಿಗೆ ಸೀಸದ ಮಣಿ ಕಟ್ಟಿ, ಎರಡು ದಿನ ಒಣಗಿಸಿ ಆಮೇಲೆ ಮಣಿ ಬಿಚ್ಚಿದ್ದೆ. ಅವಳು ಚೀಲದಿಂದ ಟೇಪು ತೆಗೆದಳು.

“ಅಜ್ಜನನ್ನೂ ಅಳೀತೀಯಾ?”

“ಮೇಡಂ ಹೇಳಿದ್ದಾರೆ. ಅಜ್ಜನದ್ದಾದ್ರೆ ಎರಡು ಸಲ ಅಳೆ ಅಂತ.”

ಎರಡು ಸಲ ಅಳೆದಳು. ಮತ್ತೆ ಗೇಟು ದಾಟಿ ನಮ್ಮ ಹಳೇ ಅಂಗಳಕ್ಕೆ ಹೋಗಿ, ಹಮೀದನ ಏಣಿ ಹತ್ತಿ ಒಂದು ಬಲೆ ಕಟ್ಟಿ, ಬಲಗಡೆಯ ಅದೇ ಮೂಲೆಯಿಂದ ಬಾಲ್ ಎಸೆದಳು. ಬಾಲ್ ಒಳಗೆ ಹೋಗಿ, ಬಲೆಯನ್ನು ಒಮ್ಮೆ ಕೊಡವಿ, ಕೆಳಗೆ ಬಿತ್ತು. ನಾಲ್ಕು ವರ್ಷದಿಂದ ಒಳಗಿದ್ದದ್ದು ಹೊರಗೆ ಬಂತು.

“ಮಗಾ, ಆವತ್ತು ನನಗೆ ಕಂಡಿತ್ತು. ಹೊರಗಿಂದ ಬಿದ್ದದ್ದು. ನೀನು ಹೇಳದಿದ್ದರೆ ಸಾಕು ಅಂತ ಸುಮ್ಮನೆ ಕೂತೆ.”

ಅವಳು ಬಾಲನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕಳು. “ಗೊತ್ತುಂಟು ಅಜ್ಜ. ಬಿದ್ದಿದ್ದೆನಲ್ಲ, ನನಗೆ ಬಾಲ್ ಕಂಡದ್ದೇ ಇಲ್ಲ. ಹೋಯ್ತಾ ಇಲ್ವಾ ಅಂತ ನಿಮ್ಮನ್ನು ನೋಡಿದೆ. ಹೋಗಿದ್ರೆ ನೀವು ಮೆಟ್ಟಿಲಿಂದ ಹಾರ್ತಿದ್ರಿ. ನೀವು ಚಪ್ಪಲಿ ನೋಡ್ತಾ ಇದ್ರಿ.”